ಹೊಗೆಯೆದುರು ಬಿಳಿ ವಿಮಾನ

ಮೊಮ್ಮಗಳು ಹುಟ್ಟಿ ಇನ್ನೂ ವಾರ ತುಂಬಿಲ್ಲ, ಬಿಲ್ಡಿಂಗಿನ ವಾಚ್‌ಮನ್‌ನಿಂದ ಹಿಡಿದು ಕೆಳಗಿನ ರೊಟ್ಟಿ ಅಂಗಡಿಯ ಇರಾನಿಯವರೆಗೆ ಎಲ್ಲರಿಗೂ ನಾನು ಹೇಳಿ ಮುಗಿಸಿದ್ದೇನೆ. "ಹೇಳಿದವರಿಗೇ ಮತ್ತೆ ಹೇಳ್ತಾ ಇದ್ದೀರಿ ಅಪ್ಪ," ಎಂದು ಮಗಳು ಮಮತಾ ನಗುತ್ತಾಳೆ. ನಗಲಿ. ಮೊದಲ ಮೊಮ್ಮಗಳು; ಎರಡು ಸಲ ಹೇಳಿದರೆ ಯಾರ ಗಂಟು ಹೋಯಿತು? ಹಣೆ ನನ್ನದು, ಮೂಗು ನನ್ನ ಹೆಂಡತಿ ಸುಮತಿಯದು. ಅಳಿಯನ ಪಾಲಿಗೆ ಕಿವಿಗಳನ್ನು ಬಿಟ್ಟುಕೊಟ್ಟಿದ್ದೇವೆ.

ಈ ಹೆರಿಗೆಗೆಂದೇ ನಾವಿಬ್ಬರು ಊರಿನಿಂದ ಕುವೈತಿಗೆ ಬಂದದ್ದು. ಜಾಬ್ರಿಯಾದ ಆಸ್ಪತ್ರೆಯಿಂದ ತಾಯಿ ಮಗು ಮನೆಗೆ ಬಂದ ಮಾರನೆಯ ಬೆಳಿಗ್ಗೆ ನಾನು ಕೂಸನ್ನು ಎತ್ತಿಕೊಂಡು ಕಿಟಕಿಯ ಎಳೆಬಿಸಿಲಿಗೆ ನಿಂತಿದ್ದೆ. ಕೆಳಗೆ ರಸ್ತೆಗೆ ಡಾಮರು ಹಾಕುತ್ತಿದ್ದರು. ಬಿಸಿ ಡಾಮರಿನ ವಾಸನೆ ಮಾಳಿಗೆಯವರೆಗೆ ಏರಿ ಬಂತು. ಅದೇ ಹೊತ್ತಿಗೆ ತಲೆಯ ಮೇಲಿಂದ ಒಂದು ವಿಮಾನ ಗುಡುಗುತ್ತಾ ಹೋಯಿತು. ನನ್ನ ಎಡಗಣ್ಣು ಮುಚ್ಚಿತು. ಮಗುವಿನ ಬೆನ್ನಿನ ಮೇಲಿದ್ದ ತೋರುಬೆರಳು ತಾನಾಗಿಯೇ ಮಡಚಿಕೊಂಡಿತು, ಕ್ಯಾಮೆರಾದ ಗುಂಡಿ ಒತ್ತುವವನ ಹಾಗೆ.

"ಮಗು ಕೈಯಲ್ಲಿ ಉಂಟು, ಜಾಗ್ರತೆ!" ಎಂದು ಸುಮತಿ ಒಳಗಿನಿಂದ ಗದರಿದಳು. ಅವಳಿಗೆ ಗೊತ್ತು. ಆ ವಾಸನೆ, ಆ ಸದ್ದು ಒಟ್ಟಿಗೆ ಬಂದರೆ ನಾನು ತೊಂಬತ್ತೊಂದನೆಯ ಇಸವಿಗೆ, ಇಲ್ಲಿನ ಅರ್ದಿಯಾ ಎಂಬಲ್ಲಿನ ಗೋದಾಮಿನ ತಗಡಿನ ಮಾಡಿನ ಮೇಲೆ ಹೋಗಿ ನಿಂತುಬಿಡುತ್ತೇನೆ. ಇಷ್ಟು ಸಂತೋಷದ ಹೊತ್ತಿನಲ್ಲೂ ಆ ವರ್ಷದ ಸಿಟ್ಟು ನೆನಪಾದರೆ ಹಲ್ಲು ಕಡಿಯುವ ಹಾಗಾಗುತ್ತದೆ. ಬರೆದಾದರೂ ಇಳಿಸಿಕೊಳ್ಳುತ್ತೇನೆ. ಮಗು ಮಲಗಿದ್ದಾಳೆ.

ನಾನು ಕಲಿತದ್ದು ಐದನೆಯ ಕ್ಲಾಸಿನವರೆಗೆ. ಕುವೈತ್ ಸಿಟಿಯ ಒಂದು ಫೋಟೋ ಸ್ಟುಡಿಯೋಕ್ಕೆ ಸಹಾಯಕನಾಗಿ ಬಂದವ. ಪರದೆ ಕಟ್ಟುವುದು, ಲೈಟು ಹಿಡಿಯುವುದು, ಗಿರಾಕಿಗಳ ಮಕ್ಕಳನ್ನು ನಗಿಸುವುದು, ಇದು ನನ್ನ ಕೆಲಸ. ಅಲ್ಲಿ ಫೋಟೋ ತೆಗೆಯುತ್ತಿದ್ದವರು ಬಂಟ್ವಾಳ ಕಡೆಯ ಸಿರಿಲ್ ಪೊರ್ಬುಗಳು. ನಮ್ಮ ಕಡೆ ಕ್ರಿಸ್ತುವ ಹಿರಿಯರನ್ನು ತುಳುವಿನಲ್ಲಿ ಹಾಗೆ ಕರೆಯುವುದು. ಅವರ ಹಿಂದೆ ಮುಂದೆ ಸುತ್ತಿ ನಾನೂ ಕ್ಯಾಮೆರಾ ಹಿಡಿಯಲು ಕಲಿತೆ. ಆದರೆ ನನ್ನ ಇಕಾಮಾದಲ್ಲಿ, ಅಂದರೆ ಇಲ್ಲಿ ಇರಲು ಕೊಡುವ ಪರವಾನಗಿಯಲ್ಲಿ, ಕೆಲಸದ ಹೆಸರು 'ಆಮಿಲ್' ಎಂದೇ ಇತ್ತು. ಆಮಿಲ್ ಎಂದರೆ ಕೂಲಿಯಾಳು. ಕೂಲಿಯಾಳಿಗೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ವೀಸಾ ಇಲ್ಲ. ಮಮತಾ ಹುಟ್ಟಿದ್ದು ಊರಿನಲ್ಲಿ. ನಾನು ಅವಳನ್ನು ಕಂಡದ್ದು ಅಂಚೆಯಲ್ಲಿ ಬಂದ ಫೋಟೋದಲ್ಲಿ.

ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ನುಗ್ಗಿತು. ಸಾವಿರಾರು ಜನರ ಹಾಗೆ ನಾನೂ ಬಸ್ಸು ಹತ್ತಿ ಬಾಗ್ದಾದು ದಾಟಿ, ಮರುಭೂಮಿಯ ಡೇರೆಗಳಲ್ಲಿ ಬಿದ್ದೆದ್ದು, ಅಮ್ಮಾನಿನಿಂದ ವಿಮಾನ ಹಿಡಿದು ಊರು ಸೇರಿದೆ. ಗಡ್ಡ ಬಿಟ್ಟುಕೊಂಡು ಅಂಗಳಕ್ಕೆ ಕಾಲಿಟ್ಟವನನ್ನು ಕಂಡು ಮಗಳು ಚೀರಿಕೊಂಡು ತಾಯಿಯ ಸೆರಗಿನಲ್ಲಿ ಮುಖ ಮುಚ್ಚಿದಳು. ಗಡ್ಡ ತೆಗೆದರೂ ಹತ್ತಿರ ಬರಲಿಲ್ಲ. ಅವಳು ನನ್ನ ಬೆರಳು ಹಿಡಿದು ಬಾವಿಕಟ್ಟೆಯವರೆಗೆ ನಡೆಯುವಷ್ಟು ಸಲಿಗೆಯಾಗುವಾಗ ಯುದ್ಧ ಮುಗಿದಿತ್ತು, ಕಫೀಲ್‌ನಿಂದ ಕರೆ ಬಂತು. ಕಫೀಲ್ ಎಂದರೆ ಇಲ್ಲಿ ನಮ್ಮ ಜವಾಬ್ದಾರಿ ಹೊತ್ತ ಯಜಮಾನ. ನನ್ನ ಕಫೀಲ್ ಅಬು ನಾಸರ್; ಎದುರಿಗೆ ಅವರನ್ನು 'ಅರ್ಬಾಬ್', ಅಂದರೆ ಧಣಿ, ಎಂದು ಕರೆಯುವುದು. ಸ್ಟುಡಿಯೋವೂ ಅವರದೇ, ಅರ್ದಿಯಾದಲ್ಲಿ ಕಸ್ಟಮ್ಸಿನಿಂದ ಸರಕು ಬಿಡಿಸುವ ಕಂಪನಿಯೂ ಅವರದೇ.

"ಹೋಗಿ. ಆದರೆ ಈ ಸಲ ಒಬ್ಬರೇ ಇರುವ ಲೆಕ್ಕ ಹಾಕ್ಬೇಡಿ," ಎಂದಳು ಸುಮತಿ. "ಇವಳು ಇನ್ನೊಮ್ಮೆ ನಿಮ್ಮನ್ನು ಮರೆತರೆ ಮತ್ತೆ ನೆನಪು ಮಾಡಿಸಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ."

ಮಳೆ ಹಿಡಿಯುವ ಹೊತ್ತಿಗೆ ಊರು ಬಿಟ್ಟೆ. ಇಲ್ಲಿ ಇಳಿದಾಗ ಮಧ್ಯಾಹ್ನ, ಆದರೆ ಕಾರುಗಳೆಲ್ಲ ದೀಪ ಹಾಕಿಕೊಂಡು ಓಡುತ್ತಿದ್ದವು. ದಕ್ಷಿಣದಲ್ಲಿ ಎಣ್ಣೆ ಬಾವಿಗಳು ಉರಿಯುತ್ತಿದ್ದವು. ಗಾಳಿ ನಿಂತರೆ ಹೊಗೆ ಊರಿನ ಮೇಲೆ ಕೂರುತ್ತಿತ್ತು. ಒಗೆದು ಹಾಕಿದ ಬನಿಯನ್ನಿಗೆ ಕಪ್ಪು ಚುಕ್ಕೆ, ಅನ್ನದಲ್ಲಿ ಡಾಮರಿನ ವಾಸನೆ. ಸ್ಟುಡಿಯೋದಲ್ಲಿ ಗೋಡೆಯ ಮೊಳೆ ಬಿಟ್ಟು ಏನೂ ಉಳಿದಿರಲಿಲ್ಲ. ಸಿರಿಲ್ ಪೊರ್ಬುಗಳು ಇನ್ನು ಬರುವುದಿಲ್ಲವೆಂದು ಊರಿನಲ್ಲೇ ಉಳಿದರು. ನನ್ನನ್ನು ಅರ್ದಿಯಾದ ಗೋದಾಮಿಗೆ ಹಾಕಿದರು.

ಇಕಾಮಾದಲ್ಲಿ ನನ್ನ ಕೆಲಸವನ್ನು ಫೋಟೋಗ್ರಾಫರ್ ಎಂದು ಬದಲಿಸಿಕೊಡಿ ಎಂದು ಅಬು ನಾಸರರನ್ನು ಕೇಳಿದೆ. ಹಾಗೆ ಬದಲಾದರೆ ಕುಟುಂಬದ ವೀಸಾಕ್ಕೆ ದಾರಿಯಾಗುತ್ತಿತ್ತು. ಅವರು ಸುಮ್ಮನೆ ಇಲ್ಲ ಎನ್ನುವ ಮನುಷ್ಯರಲ್ಲ, ಸುಮ್ಮನೆ ಹೌದು ಎನ್ನುವವರೂ ಅಲ್ಲ. ಕಪಾಟಿನಿಂದ ಒಂದು ಹೊಸ ಕ್ಯಾಮೆರಾ, ಉದ್ದದ ಲೆನ್ಸು ತೆಗೆದು ಮೇಜಿನ ಮೇಲಿಟ್ಟರು. ಕಂಪನಿಗೆ ಸಾಮಾನು ತರುವ ಸರಕು ವಿಮಾನ ಒಂದಿತ್ತು. ಬಿಳಿ ಮೈ, ಹಸಿರು ಪಟ್ಟಿ. ಅದು ಹಾರುತ್ತಿರುವ ಚಿತ್ರ ಹೊಸ ವರ್ಷದ ಕ್ಯಾಲೆಂಡರಿಗೆ ಬೇಕು.

"ಅಚ್ಛಾ ಫೋಟೋ ಲಾವ್, ಮೈ ಬೋಲೇಗಾ ತುಮ್ ಮುಸವ್ವಿರ್," ಎಂದರು ತಮ್ಮ ಹಿಂದಿಯಲ್ಲಿ. ಒಳ್ಳೆಯ ಫೋಟೋ ತಂದರೆ ನೀನು ಮುಸವ್ವಿರ್ ಎಂದು ನಾನೇ ಹೇಳುತ್ತೇನೆ ಎಂದು ಅರ್ಥ; ಮುಸವ್ವಿರ್ ಎಂದರೆ ಅರಬಿಯಲ್ಲಿ ಫೋಟೋಗ್ರಾಫರ್. "ತಯ್ಯಾರಾದ ಮೇಲಿನ ಅಕ್ಷರ ಓದಲು ಬರಬೇಕು. ಯಲ್ಲಾ."

ತಯ್ಯಾರಾ ಎಂದರೆ ವಿಮಾನ, ಯಲ್ಲಾ ಎಂದರೆ ಹೊರಡು. ಇಷ್ಟೇ ತಾನೇ ಎಂದುಕೊಂಡೆ. ಓಡಾಡುವ ಮಕ್ಕಳನ್ನೇ ಹಿಡಿದವ ನಾನು. ವಿಮಾನ ನೆಟ್ಟಗೆ ಹೋಗುತ್ತದೆ, ಅಳುವುದಿಲ್ಲ, ಮೂಗು ಸುರಿಸುವುದಿಲ್ಲ.

ಕ್ಯಾಮೆರಾದ ಹೆಗಲಿನಲ್ಲಿ ಒಂದು ಸಣ್ಣ ತಿರುಗಣೆ. ಅದರಲ್ಲಿ ಮೂರು ಚಿತ್ರ. ಒಂದು ಇಡೀ ಚೌಕ, ಒಂದು ನಡುವೆ ದುಂಡು, ಒಂದು ಬರೇ ಚುಕ್ಕೆ. ಬೆಳಕನ್ನು ಎಲ್ಲಿಂದ ಅಳೆಯಬೇಕೆಂದು ಕ್ಯಾಮೆರಾಕ್ಕೆ ಹೇಳುವುದು ಅದರಲ್ಲಿ. ಚೌಕಕ್ಕಿಟ್ಟರೆ ಕಣ್ಣಿಗೆ ಕಂಡದ್ದನ್ನೆಲ್ಲ ಕೂಡಿಸಿ ಅಳೆಯುತ್ತದೆ, ದುಂಡಿಗಿಟ್ಟರೆ ನಡುವಿನದ್ದಕ್ಕೆ ಹೆಚ್ಚು ಬೆಲೆ, ಚುಕ್ಕೆಗಿಟ್ಟರೆ ಸಾಸಿವೆಯಷ್ಟು ಜಾಗದ್ದು ಮಾತ್ರ. ಜೊತೆಗೆ ಬಂದ ಪುಸ್ತಕ ಪೂರ್ತಿ ಇಂಗ್ಲಿಷು. ಹಳೆಯ ಸ್ಟುಡಿಯೋದಲ್ಲಿ ಇಂಥದ್ದು ಇರಲಿಲ್ಲ. ದುಬಾರಿ ಕ್ಯಾಮೆರಾ, ತಾನೇ ನೋಡಿಕೊಳ್ಳುತ್ತದೆ ಎಂದು ಇಡೀ ಚೌಕಕ್ಕೆ ಇಟ್ಟೆ.

ಮೊಹರು ಹಾಕಿದ ಅನುಮತಿ ಕಾಗದ ಕಿಸೆಯಲ್ಲಿಟ್ಟುಕೊಂಡು ಗೋದಾಮಿನ ಮಾಡು ಹತ್ತಿದೆ. ಆ ಸಮಯದಲ್ಲಿ ಆಕಾಶದ ಕಡೆ ಲೆನ್ಸು ತಿರುಗಿಸಿದವನನ್ನು ಯಾರು ಬೇಕಾದರೂ ಹಿಡಿದುಕೊಂಡು ಹೋಗಬಹುದಿತ್ತು. ಕಾಲಡಿಯ ತಗಡು ಚಪ್ಪಲಿಯನ್ನು ಸುಡುತ್ತಿತ್ತು. ಸಂಜೆಯ ಮುಂಚೆ ಬಿಳಿ ವಿಮಾನ ನೆಲ ಬಿಟ್ಟು ನಮ್ಮ ಕಡೆಗೇ ಏರಿ ಬರುತ್ತಿತ್ತು. ಮೊದಲು ಅದರ ಹಿಂದೆ ಎಣ್ಣೆ ಹೊಗೆಯ ಕಪ್ಪು ಗೋಡೆ. ತಲೆಯ ಮೇಲೆ ದಾಟಿ ಉತ್ತರಕ್ಕೆ ಹೋದರೆ ಕಣ್ಣು ಕುಕ್ಕುವ ಬಿಳಿ ಆಕಾಶ. ನಾನು ಉಸಿರು ಬಿಡದೆ ಒತ್ತುತ್ತಾ ಹೋದೆ.

ಕ್ಯಾಲೆಂಡರ್ ಅಚ್ಚು ಹಾಕುವವರಿಗೆ ಸ್ಲೈಡೇ, ಅಂದರೆ ಫಿಲ್ಮಿನ ಮೇಲೇ ನೇರ ಬಣ್ಣದಲ್ಲಿ ಮೂಡುವ ಚಿತ್ರವೇ ಬೇಕಿತ್ತು. ಮಾಮೂಲಿ ಫಿಲ್ಮಿನಲ್ಲಿ ಬೆಳಕು ತುಸು ಹೆಚ್ಚು ಕಡಿಮೆಯಾದರೂ ಪ್ರಿಂಟು ಹಾಕುವಾಗ ಸರಿಮಾಡಬಹುದು. ಸ್ಲೈಡಿನಲ್ಲಿ ಕೆಟ್ಟರೆ ಕೆಟ್ಟಿತು, ಖಲಾಸ್. ಅದನ್ನು ತೊಳೆಯುವ ಲ್ಯಾಬೂ ಆಗ ಇಲ್ಲಿರಲಿಲ್ಲ. ಕಂಪನಿಯ ಯಾರಾದರೂ ದುಬೈಗೆ ಹೋದಾಗ ಕೊಟ್ಟು ಕಳಿಸಬೇಕು, ಅವರು ಮರಳುವವರೆಗೆ ಕಾಯಬೇಕು. ಮಾಡಿದ ತಪ್ಪು ಏನೆಂದು ತಿಳಿಯಲಿಕ್ಕೂ ವಾರಗಟ್ಟಲೆ ಕಾಯುವ ಶಿಕ್ಷೆ.

ಸ್ಲೈಡುಗಳು ಬಂದವು. ಹೊಗೆಯ ಎದುರಿನ ವಿಮಾನ ಸುಣ್ಣ ಬಳಿದ ಹಾಗೆ, ಅಕ್ಷರವೂ ಇಲ್ಲ, ಹಸಿರು ಪಟ್ಟಿಯೂ ಇಲ್ಲ. ಬಿಳಿ ಆಕಾಶದ ಎದುರಿನದ್ದು ಇದ್ದಲಿನಷ್ಟು ಕಪ್ಪು. ಕಪ್ಪು ಹೆಚ್ಚಿದೆಯೆಂದು ಕ್ಯಾಮೆರಾ ಬೆಳಕು ಸುರಿದಿದೆ, ಬಿಳಿ ಹೆಚ್ಚಿದೆಯೆಂದು ಬಿಗಿಹಿಡಿದಿದೆ. ನಡುವೆ ಬಡಪಾಯಿ ವಿಮಾನವನ್ನು ಯಾರೂ ಕೇಳಿಲ್ಲ.

"ಶಿನು ಹಾದಾ?" ಎಂದರು ಅಬು ನಾಸರ್. ಏನಿದು ಎಂದು ಅರ್ಥ. "ನಾನು ತಯ್ಯಾರಾ ಕೇಳಿದೆ. ಇದು ಕವ್ವಾ." ಕಾಗೆಯಂತೆ!

ತಿರುಗಣೆಯನ್ನು ದುಂಡಿಗೆ ತಿರುಗಿಸಿದೆ. ವಿಮಾನ ಹತ್ತಿರ ಬಂದು ನಡುವನ್ನು ತುಂಬಿದಾಗ ಒಂದೆರಡು ಪರವಾಗಿಲ್ಲ ಎನ್ನಿಸಿತು, ಆದರೆ ಆಗ ಅದು ನೆತ್ತಿಯ ಮೇಲಿತ್ತು. ಕಂಡದ್ದು ಹೊಟ್ಟೆ ಮಾತ್ರ. ಅಕ್ಷರ ಇರುವುದು ಪಕ್ಕೆಯಲ್ಲಿ. ಪಕ್ಕೆ ಕಾಣುವಷ್ಟು ದೂರದಲ್ಲಿದ್ದಾಗ ದುಂಡಿನ ತುಂಬ ಹೊಗೆಯೇ. ಮತ್ತೆ ಸುಣ್ಣ.

ಚುಕ್ಕೆಗೆ ಇಟ್ಟೆ. ಅದಂತೂ ನನ್ನ ಜೀವ ತಿಂದಿತು. ಹಾರುವ ವಸ್ತುವಿನ ಮೇಲೆ ಸಾಸಿವೆಯನ್ನು ಕೂರಿಸಿಟ್ಟುಕೊಳ್ಳುವುದು ಎಂದರೇನು! ಬಿಳಿ ಮೈಯ ಮೇಲೆ ಕೂತಾಗ ಕ್ಯಾಮೆರಾ ಇಷ್ಟು ಬಿಳಿ ಯಾಕೆಂದು ಹೆದರಿ ವಿಮಾನವನ್ನು ಬೂದಿ ಬಣ್ಣಕ್ಕೆ ಇಳಿಸಿತು. ಜಾರಿ ಹೊಗೆಯ ಮೇಲೆ ಬಿದ್ದಾಗ ಮತ್ತದೇ ಸುಣ್ಣ. ಒಂದು ಸ್ಲೈಡಿನಿಂದ ಇನ್ನೊಂದಕ್ಕೆ ಸಂಬಂಧವೇ ಇಲ್ಲ. ಬಣ್ಣ, ಅಕ್ಷರ, ಪಟ್ಟಿ ಎಲ್ಲ ಅಚ್ಚುಕಟ್ಟಾಗಿ ಬಂದದ್ದು ಒಂದು ಇತ್ತು. ಅದರಲ್ಲಿ ವಿಮಾನಕ್ಕೆ ಬಾಲ ಇರಲಿಲ್ಲ.

ಅಬು ನಾಸರ್ ಈ ಸಲ ಬಯ್ಯಲೂ ಇಲ್ಲ. "ತುಮ್ ಗೋದಾಮಿನಲ್ಲೇ ಅಚ್ಛಾ," ಎಂದು ಕವರನ್ನು ನನ್ನ ಕಡೆ ಸರಿಸಿದರು. ಮಗಳು ಊರಿನಲ್ಲಿ ಮಾತು ಕಲಿಯುತ್ತಿದ್ದಳು. ಫೋನಿನಲ್ಲಿ ನನ್ನ ಸ್ವರ ಕೇಳಿ "ಯಾರು?" ಎಂದಳಂತೆ. ಅದನ್ನು ಸುಮತಿ ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ. ಆ ದಿನ ಮಾಡಿನ ಏಣಿಯನ್ನು ಒದ್ದು ಕಾಲುಬೆರಳು ಊದಿಸಿಕೊಂಡೆ. ಬೇರೆಯವರು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಸರ್ಕಾರಿ ಕಚೇರಿಯಲ್ಲಿ ಸರದಿ ನಿಲ್ಲುತ್ತಾರೆ. ನನ್ನ ಸಂಸಾರ ಮಾತ್ರ ಒಂದು ಸಾಸಿವೆ ಚುಕ್ಕೆಯಲ್ಲಿ ಸಿಕ್ಕಿಬಿದ್ದಿತ್ತು.

ಇದೀಗ ಮಗು ಬಿಕ್ಕಳಿಸಿತು. ಸುಮತಿ ನೆತ್ತಿಗೆ ಒಂದು ನೂಲೆಳೆ ಇಟ್ಟಳು, ನಿಂತಿತು. ಎಷ್ಟು ಚಂದ ಬಿಕ್ಕಳಿಸುತ್ತಾಳೆ ಗೊತ್ತಾ! ಇರಲಿ, ಎಲ್ಲಿದ್ದೆ?

ಕಂಪನಿಯ ಮೆಸ್ಸಿನಲ್ಲಿ ಅಡುಗೆಗೆ ಕಾಪು ಕಡೆಯ ಬಾಬಣ್ಣ ಇದ್ದ. ಬಾಯಿ ಜೋರು, ಕೈ ಒಳ್ಳೆಯದು. ನಾನು ಊಟ ಬಿಟ್ಟು ಸ್ಲೈಡುಗಳನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡುತ್ತಾ ಕೂತಿದ್ದಾಗ ಅವನೂ ಒಂದನ್ನು ಎಳೆದುಕೊಂಡ.

"ಎಂತ ಮಾರಾಯ, ಇದಕ್ಕಾ ನೀನು ಬಿಸಿಲಲ್ಲಿ ಒಣಗುವುದು? ನನ್ನ ಕಾವಲಿಗೆ ಅಂಟಿದ ದೋಸೆ ಇದಕ್ಕಿಂತ ಚಂದ ಕಾಣ್ತದೆ."

"ಕೊಡು ಇಲ್ಲಿ ಬಾಬಣ್ಣ. ನಿನಗೆ ತಮಾಷೆ."

"ತಮಾಷೆ ಅಲ್ಲ. ನೋಡು, ಮುಂದೆ ಬೆಳ್ಳಗೆ ಒಬ್ಬ, ಹಿಂದೆ ಕಪ್ಪಗೆ ಅವನ ಎರಡು ಪಾಲು ಅಗಲ. ನಮ್ಮ ಅಬು ನಾಸರ್ ಮತ್ತು ಅವನ ಹೆಂಡತಿ ಸೂಕಿನ ಪೇಟೆಗೆ ಹೊರಟ ಹಾಗೆ ಉಂಟು."

ಪಕ್ಕದಲ್ಲಿ ಉಣ್ಣುತ್ತಿದ್ದವರು ನಕ್ಕರು. ನನ್ನ ಕೈಯಲ್ಲಿದ್ದ ಸ್ಲೈಡು ಕೆಳಗೆ ಬಿತ್ತು.

ಸ್ಟುಡಿಯೋಕ್ಕೆ ಬರುತ್ತಿದ್ದ ಅರಬಿ ದಂಪತಿಗಳು ಹಾಗೆಯೇ ಇರುತ್ತಿದ್ದರು. ಗಂಡ ಕಾಲಿನವರೆಗೆ ಬಿಳಿ ನಿಲುವಂಗಿ, ಹೆಂಡತಿ ತಲೆಯಿಂದ ಕಾಲಿನವರೆಗೆ ಕಪ್ಪು ಅಬಾಯಾ. ಅಕ್ಕಪಕ್ಕ ನಿಲ್ಲಿಸಿ ಒಂದೇ ಫೋಟೋದಲ್ಲಿ ಇಬ್ಬರ ಮುಖವನ್ನೂ ತರಬೇಕು. ಹೊಸದರಲ್ಲಿ ನಾನು ಬಟ್ಟೆಯ ಹತ್ತಿರ ಬೆಳಕಿನ ಮೀಟರು ಹಿಡಿದಾಗ ಸಿರಿಲ್ ಪೊರ್ಬುಗಳು ಕೈಗೆ ಪೆಟ್ಟು ಕೊಟ್ಟಿದ್ದರು. "ಬಟ್ಟೆಯನ್ನು ಕೇಳ್ಬೇಡ ಮಗಾ, ಅದು ಸುಳ್ಳು ಹೇಳ್ತದೆ. ಲೈಟಿಗೆ ನಿನ್ನ ಅಂಗೈ ಹಿಡಿ, ಅಂಗೈಯನ್ನು ಅಳೆ. ಒಂದು ಮೆಟ್ಟಿಲು ಹೆಚ್ಚು ಬೆಳಕು ಕೊಡು. ಮತ್ತೆ ಮುಟ್ಲಿಕ್ಕಿಲ್ಲ. ಬಿಳಿ ಬಿಳಿಯಾಗಿ ಬರ್ತದೆ, ಕಪ್ಪು ಕಪ್ಪಾಗಿ ಬರ್ತದೆ." ವರ್ಷಗಟ್ಟಲೆ ದಿನವೂ ಮಾಡಿದ ಕೆಲಸ ಅದು. ಮಾಡಿನ ಮೇಲೆ ಹತ್ತಿದ ಕೂಡಲೇ ಮರೆತಿದ್ದೆ. ವಿಮಾನ, ಉದ್ದದ ಲೆನ್ಸು, ಹೊಸ ತಿರುಗಣೆ ಎಂದು ಅಷ್ಟು ದೊಡ್ಡ ಸಂಗತಿ ಮಾಡಿಕೊಂಡಿದ್ದೆ.

"ಬಾಬಣ್ಣ, ನಿನ್ನ ಬಾಯಿಗೆ ಸಕ್ಕರೆ ಹಾಕ್ತೇನೆ."

"ಸಕ್ಕರೆ ನನ್ನ ಸ್ಟೋರಿನದ್ದೇ ಅಲ್ವಾ? ಮೊದಲು ಅನ್ನ ಉಣ್ಣು."

ಮಾರನೆಯ ದಿನವೇ ಮಾಡು ಹತ್ತಿದೆ. ಅಂಗೈ ಚಾಚಿ, ಚುಕ್ಕೆಯನ್ನು ಅಂಗೈಯ ಮೇಲಿಟ್ಟು ಅಳೆದೆ. ಲೆನ್ಸಿನ ಕಂಡಿಯನ್ನು ಒಂದು ಮೆಟ್ಟಿಲು ಹೆಚ್ಚು ತೆರೆದೆ. ಬೆಳಕಿನ ಅಳತೆಯನ್ನು ಕೈಯಿಂದಲೇ ಗಟ್ಟಿಮಾಡಿ, ತಿರುಗಣೆ ಏನು ಹೇಳಿದರೂ ಕೇಳಬಾರದೆಂದು ನಿಂತೆ. ವಿಮಾನ ಬಂತು, ತೆಗೆದೆ. ದುಬೈಯಿಂದ ಸ್ಲೈಡು ಬಂದಾಗ ಮತ್ತೆ ಸುಣ್ಣ! ಕ್ಯಾಮೆರಾವನ್ನು ಆ ಮಾಡಿನಿಂದಲೇ ಕೆಳಗೆ ಎಸೆದುಬಿಡೋಣ ಎನ್ನಿಸಿತು. ಪೊರ್ಬುಗಳೂ ಸುಳ್ಳೇ? ಎಷ್ಟೋ ಹೊತ್ತು ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು. ಆ ದಿನ ಗಾಳಿ ಮಂದವಿತ್ತು. ಹೊಗೆಯ ಒಂದು ಸೆರಗು ನಮ್ಮ ಗೋದಾಮಿನ ಮೇಲೆ ಬಂದು, ನಾನು ನೆರಳಿನಲ್ಲಿದ್ದೆ. ಮೇಲಿನ ವಿಮಾನ ಬಿಸಿಲಿನಲ್ಲಿತ್ತು. ನೆರಳಿನ ಅಂಗೈಯನ್ನು ಅಳೆದು ಬಿಸಿಲಿನ ವಿಮಾನಕ್ಕೆ ಕೊಟ್ಟಿದ್ದೆ. ಸ್ಟುಡಿಯೋದಲ್ಲಿ ಕೈಗೂ ಗಿರಾಕಿಗೂ ಒಂದೇ ದೀಪ. ಇಲ್ಲಿ ಕೈಗೊಂದು, ವಿಮಾನಕ್ಕೊಂದು. ನನಗೆ ಮತ್ತು ವಿಮಾನಕ್ಕೆ ಒಂದೇ ಬಿಸಿಲು ಬೀಳುವ ದಿನಕ್ಕೆ ಕಾಯದೆ ಬೇರೆ ದಾರಿ ಇರಲಿಲ್ಲ.

ಕಾದೆ. ವಿಮಾನ ಬಂದ ದಿನ ಹೊಗೆ, ಹೊಗೆ ಸರಿದ ದಿನ ವಿಮಾನ ಇಲ್ಲ, ಎರಡೂ ಕೂಡಿಬಂದ ದಿನ ಲಾರಿಯಿಂದ ಸಾಮಾನು ಇಳಿಸುವ ಕೆಲಸ. ಸೆಕೆ ಮುರಿಯುವ ಹೊತ್ತಿಗೆ ಒಂದು ಮಧ್ಯಾಹ್ನದ ಮೇಲೆ ಉತ್ತರದ ಗಾಳಿ ಬೀಸಿ, ಹೊಗೆಯನ್ನೆಲ್ಲ ತಳ್ಳಿ ದಕ್ಷಿಣಕ್ಕೆ ಒತ್ತಿತು. ಬಾಬಣ್ಣ ಹಿಟ್ಟಿನ ಕೈಯಲ್ಲೇ ಓಡಿಬಂದ. "ಹೋಗು ಮಾರಾಯ, ಹೋಗು, ಆ ಚೀಲ ನಾನು ಹೊರ್ತೇನೆ!"

ಬೆನ್ನಿಗೆ ಸೂರ್ಯ. ಅಂಗೈಗೆ ಪೂರಾ ಬಿಸಿಲು. ಅಳೆದೆ, ತೆರೆದೆ, ಮತ್ತೆ ಮುಟ್ಟಲಿಲ್ಲ. ಬಿಳಿ ವಿಮಾನ ಆ ಕಪ್ಪು ಗೋಡೆಯ ಎದುರು ಓರೆಯಾಗಿ ಏರಿತು.

ಆ ಸ್ಲೈಡನ್ನು ಟ್ಯೂಬ್‌ಲೈಟಿಗೆ ಹಿಡಿದಾಗ ಮೆಸ್ಸಿನಲ್ಲಿ ಉಣ್ಣುತ್ತಿದ್ದವರೆಲ್ಲ ಎದ್ದು ಬಂದು ನೋಡಿದರು. ಬಿಳಿ ಬಿಳಿಯಾಗಿ, ಹಸಿರು ಹಸಿರಾಗಿ, ರೆಕ್ಕೆಯ ಕೆಳಗಿನ ಸಣ್ಣ ಅಕ್ಷರಗಳವರೆಗೆ ಎಲ್ಲ ಇತ್ತು. ಹಿಂದೆ ಹೊಗೆ ಸುರುಳಿ ಸುರುಳಿಯಾಗಿ ನಿಂತಿತ್ತು. ಎದೆ ಉಬ್ಬಿಸಿಕೊಂಡು ಅಬು ನಾಸರರ ಆಫೀಸಿಗೆ ಹೋದೆ.

ಅವರು ಕನ್ನಡಕ ಹಾಕಿ ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು.

"ಬೇಡ," ಎಂದರು.

ನನಗೆ ಅರ್ಥವಾಗಲಿಲ್ಲ. "ಅರ್ಬಾಬ್, ಅಕ್ಷರ ನೋಡಿ. ಪೂರಾ ಕ್ಲೀನ್ ಇದೆ."

"ಅಕ್ಷರ ಕ್ಲೀನ್. ಪೀಛೆ ದುಖಾನ್ ಭೀ ಕ್ಲೀನ್." ದುಖಾನ್ ಎಂದರೆ ಹೊಗೆ; ಹಿಂದಿನ ಹೊಗೆಯೂ ಕ್ಲೀನಾಗಿ ಬಂದಿದೆಯಂತೆ. "ಇದನ್ನು ಒಂದು ವರ್ಷ ಗೋಡೆಗೆ ಯಾರು ಹಾಕಿಕೊಳ್ಳುತ್ತಾರೆ? ನನ್ನ ತಾಯಿ ಕಿಟಕಿಗೆ ಕಂಬಳಿ ಹೊದಿಸಿ ಕೂತಿದ್ದಾಳೆ ಇದನ್ನು ನೋಡಬಾರದು ಎಂದು."

ನನಗೆ ಬಂದ ಸಿಟ್ಟಿಗೆ ಮಾತು ತೊದಲಿತು. ಇಡೀ ಬೇಸಿಗೆ ತಗಡಿನ ಮೇಲೆ ಹುರಿದುಕೊಂಡದ್ದು ಹೊಗೆ ಚೆನ್ನಾಗಿ ಬಂತು ಎಂದು ಬೈಸಿಕೊಳ್ಳಲಿಕ್ಕೆಯೇ? "ಹೊಗೆ ನಾನು ಹಾಕಿದ್ದಲ್ಲ ಅರ್ಬಾಬ್," ಎಂದೆ. ಅಷ್ಟು ಗಟ್ಟಿಯಾಗಿ ಅವರೆದುರು ಎಂದೂ ಮಾತಾಡಿರಲಿಲ್ಲ. "ಕಾಗೆ ಎಂದಿರಿ, ಕೇಳಿಕೊಂಡೆ. ಈಗ ಬಿಳಿ ತಂದರೆ ಹಿಂದಿನ ಕಪ್ಪು ಬೇಡ. ಹೊಗೆ ಇಲ್ಲದ ಆಕಾಶ ನಾನೆಲ್ಲಿಂದ ತರಲಿ?"

ಅವರು ಬಯ್ಯುತ್ತಾರೆಂದು ಕಾದೆ. ಅವರು ಸ್ಲೈಡನ್ನು ಮತ್ತೆ ಬೆಳಕಿಗೆ ಹಿಡಿದರು.

"ಬಾವಿಗಳು ಒಂದೊಂದೇ ಆರುತ್ತಿವೆ. ಎಲ್ಲ ಆರಿದ ಮೇಲೆ ನೀಲಿ ಆಕಾಶದಲ್ಲಿ ಹೊಸದು ತೆಗಿ. ಮಾಡಿನಿಂದ ಅಲ್ಲ, ಏರ್‌ಪೋರ್ಟಿನ ಬೇಲಿಯ ಒಳಗಿನಿಂದ." ಹಾಗೆಂದವರಿಗೆ ಏನೋ ನೆನಪಾಯಿತು. ಹುಬ್ಬು ಗಂಟಿಕ್ಕಿತು. "ಒಳಗೆ ಹೋಗಲು ಪಾಸ್ ಬೇಕು. ಆಮಿಲ್‌ಗೆ ಕ್ಯಾಮೆರಾ ಹಿಡಿದು ಒಳಗೆ ಹೋಗುವ ಪಾಸ್ ಕೊಡುವುದಿಲ್ಲ."

ನಾನು ಕಿಸೆಯಲ್ಲಿದ್ದ ಇಕಾಮಾವನ್ನು ಮುಟ್ಟಿ ನೋಡಿಕೊಂಡೆ.

"ಇಕಾಮಾ ಲಾವ್," ಎಂದರು, ತಪ್ಪೆಲ್ಲ ನನ್ನದೇ ಎನ್ನುವ ಹಾಗೆ ರೇಗುತ್ತಾ. "ಮುಸವ್ವಿರ್ ಎಂದು ಬರೆಸುತ್ತೇನೆ. ಯಲ್ಲಾ, ಯಲ್ಲಾ!"

ಅಷ್ಟು ಕಷ್ಟಪಟ್ಟು ತೆಗೆದ ಚಿತ್ರ ಬೇಡವಾದದ್ದರಿಂದ ನನ್ನ ಕೆಲಸ ಆಯಿತು. ಆ ವರ್ಷದ ಕ್ಯಾಲೆಂಡರಿಗೆ ತಡವಾಯಿತೆಂದು ಕೊನೆಗೆ ಎಲ್ಲಿಂದಲೋ ತಂದ ಹಡಗಿನ ಚಿತ್ರ ಹಾಕಿದರು. ಆ ಹಡಗು ಕಂಡರೆ ನನಗೆ ಇವತ್ತಿಗೂ ಆಗುವುದಿಲ್ಲ.

ಸುಮತಿಗೆ ಫೋನು ಮಾಡಿದೆ. ಪಕ್ಕದ ಮನೆಯವರ ಫೋನು, ಕರೆಸಿಕೊಳ್ಳಲು ಹೊತ್ತಾಯಿತು. ಓಡಿಬಂದ ಏದುಸಿರಿನಲ್ಲೇ ಕೇಳಿದಳು. ವೀಸಾದ ವಿಷಯ ಹೇಳಿದೆ, ಹೊಗೆ, ಅಂಗೈ, ಚುಕ್ಕೆ, ಹಡಗು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

"ಅದೆಲ್ಲ ಇರಲಿ ಮಾರ್ರೆ," ಎಂದಳು. "ನಮ್ಮ ವಿಮಾನ ಬರುವಾಗ ಎಲ್ಲಿಯಾದರೂ ಮಾಡು ಹತ್ತಿ ಮೇಲೆ ನೋಡ್ತಾ ನಿಲ್ಬೇಡಿ. ಬಾಗಿಲ ಹತ್ತಿರ ನಿಲ್ಲಿ. ಮಗುವಿಗೆ ಮೊದಲು ನೀವು ಕಾಣ್ಬೇಕು."

ವರ್ಷ ಮುಗಿಯುವ ಮೊದಲು ಅವರು ಬಂದರು. ಆಗ ಎಲ್ಲ ಬಾವಿಗಳೂ ಆರಿದ್ದವು. ನಾನು ಏರ್‌ಪೋರ್ಟಿನ ಬಾಗಿಲ ಹತ್ತಿರವೇ ನಿಂತಿದ್ದೆ, ಅದೂ ಅಷ್ಟು ಹತ್ತಿರ ಎಂದರೆ ಪೊಲೀಸನೊಬ್ಬ ಹಿಂದೆ ಹೋಗೆಂದು ಕೈಬೀಸಿದ. ಕ್ಯಾಮೆರಾ ಬಾಬಣ್ಣನ ಕೈಯಲ್ಲಿತ್ತು. "ಒತ್ತಿದರೆ ಸಾಕಲ್ಲ? ನೀನು ಹೋಗು, ಹೆಂಡತಿ ಬಂದಳು," ಎಂದು ನನ್ನನ್ನು ಮುಂದೆ ನೂಕಿದ. ತಿರುಗಣೆ ಎಲ್ಲಿತ್ತೋ, ಅವನಿಗೂ ಗೊತ್ತಿಲ್ಲ, ನಾನೂ ನೋಡಲಿಲ್ಲ.

ಆ ಫೋಟೋ ಊರಿನ ನಮ್ಮ ಮನೆಯ ನಡುಗೋಡೆಯಲ್ಲಿದೆ. ಹಿಂದಿನ ಗಾಜಿನ ಬಾಗಿಲುಗಳ ಬೆಳಕೆಲ್ಲ ಬೆಳ್ಳಗೆ ಬಂದು ನಾವು ಮೂವರೂ ಬರೇ ಕಪ್ಪು ಆಕೃತಿಗಳಾಗಿದ್ದೇವೆ. ಕಣ್ಣಿಲ್ಲ, ಮೂಗಿಲ್ಲ. ಇವರು ಯಾರು ಎಂದು ಬಂದವರು ಕೇಳುತ್ತಾರೆ. ಸಣ್ಣ ಆಕೃತಿ ತಾಯಿಯ ಹೆಗಲಿಗೆ ಅಂಟಿಕೊಂಡಿದೆ, ನನ್ನಿಂದ ಆದಷ್ಟು ದೂರ ವಾಲಿದೆ. ಆದರೆ ಅದರ ಒಂದು ಕೈ ನನ್ನ ಅಂಗಿಯ ಕಾಲರನ್ನು ಬಿಗಿಯಾಗಿ ಹಿಡಿದುಕೊಂಡಿದೆ.